ಡ್ರೆಸ್ಸಿಂಗ್ ರೂಮಿನ ಒಳಚಿಲಕ

ನಾನು ಒಂದು ಕಬ್ಬಿಣದ ಚಿಲಕ. ಗದಗಿನ ಕುಲುಮೆಯೊಂದರಲ್ಲಿ ಹುಟ್ಟಿದವನು. ಹತ್ತು ವರ್ಷ ಮೆಣಸಿನಕಾಯಿ ಗೋದಾಮಿನ ಬಾಗಿಲಲ್ಲಿದ್ದೆ. ಗೋದಾಮು ಕೆಡವಿದಾಗ ಬಡಿಗೇರ ಮೌನೇಶಪ್ಪ ನನ್ನನ್ನು ತಂದು ಒಂದು ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಒಳಗಿನಿಂದ ಜಡಿದ.

ಅದರ ಹಿಂದಿನ ತಿಂಗಳು ಯಾರೋ ರೋಗಿಯ ಕಡೆಯವರು ಅಲ್ಲಿಗೆ ನುಗ್ಗಿ ಡಾಕ್ಟರ ಕೈ ಮುರಿದಿದ್ದರು. ಹಾಗಾಗಿ ಮಾರ್ಥಾ ಸಿಸ್ಟರ್ ಹಟ ಹಿಡಿದು ನನ್ನನ್ನು ಹಾಕಿಸಿದ್ದರು. ಪ್ರತಿ ಸೋಮವಾರ ಮಧ್ಯಾಹ್ನ ಅವರು ಎಲ್ಲರಿಗೂ ತಾಲೀಮು ಮಾಡಿಸುತ್ತಿದ್ದರು. ಸೀಟಿ ಊದಿದೊಡನೆ ರೋಗಿಗಳನ್ನು ಒಳಗೆ ತರಬೇಕು, ಚಿಲಕ ಹಾಕಬೇಕು, ಪೊಲೀಸರಿಗೆ ಫೋನ್ ಮಾಡಬೇಕು. ಒಮ್ಮೆ ಹಾಕಿದ ಮೇಲೆ ಯಾರು ಕೂಗಿದರೂ ತೆಗೆಯಬಾರದು.

ಆಯಾ ದುರ್ಗವ್ವನಿಗೆ ಮೊಣಕಾಲು ನೋವು. ಯಾವಾಗಲೂ ಕೊನೆಗೆ ಬರುವವಳು ಅವಳೇ. ತಾನು ಹಿಂದೆ ಉಳಿದರೆ ಕಾಯಬೇಡಿ ಎಂದು ಅವಳು ಒಂದು ದಿನ ಹೇಳಿದಳು. ಸಿಸ್ಟರ್ ಅವಳ ಸ್ಟೂಲನ್ನು ಎತ್ತಿ ತಂದು ನನ್ನ ಪಕ್ಕದಲ್ಲಿಟ್ಟು, ಇನ್ನು ಮೇಲೆ ಚಿಲಕದ ಹೊಣೆ ನಿನ್ನದು ಎಂದರು. ಅಂದಿನಿಂದ ದುರ್ಗವ್ವ ದಿನಾ ನನಗೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಡತೊಡಗಿದಳು.

ಮಳೆಗಾಲದ ಒಂದು ಬೆಳಿಗ್ಗೆ ಫಕೀರವ್ವ ಎಂಬ ಹೆಂಗಸು ತಲೆ ಒಡೆದುಕೊಂಡು ಬಂದಳು. ಹೊಡೆದವನು ಅವಳ ಗಂಡ. ಹೊಲಿಗೆ ಮುಗಿದು ಅವಳನ್ನು ವಾರ್ಡಿಗೆ ಒಯ್ಯುವಾಗ ಅವನು ಕುಡುಗೋಲು ಹಿಡಿದು ಗೇಟಿನೊಳಗೆ ಬಂದ. ಸೀಟಿ ಕೇಳಿಸಿತು. ಎಲ್ಲರೂ ಒಳಗೆ ಬಂದರು. ಸಿಸ್ಟರ್ ಮಾತ್ರ ಫಕೀರವ್ವನ ಸ್ಟ್ರೆಚರ್ ತಳ್ಳುತ್ತ ಇನ್ನೂ ಪಡಸಾಲೆಯ ಆ ತುದಿಯಲ್ಲಿದ್ದರು.

"ಹಾಕಿಬಿಡು, ದುರ್ಗವ್ವಾ" ಎಂದರು ಅಲ್ಲಿಂದಲೇ.

ದುರ್ಗವ್ವನ ಕೈ ನನ್ನ ಮೇಲಿತ್ತು. ಆದರೂ ಅದು ಅಲುಗಲಿಲ್ಲ. ಸ್ಟ್ರೆಚರಿನ ಹಿಂದಿನ ಗಾಲಿ ಹೊಸ್ತಿಲು ದಾಟಿದ ಮೇಲೆಯೇ ಅವಳು ನನ್ನನ್ನು ಸರಿಸಿದ್ದು.

ಅವನು ಬಾಗಿಲು ಒದ್ದ. ಒದೆಯುತ್ತಲೇ ಇದ್ದ. ನನ್ನ ಒಂದು ಸ್ಕ್ರೂ ಕಿತ್ತುಬಂತು, ನಡು ಬಾಗಿತು. ದುರ್ಗವ್ವ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ನನ್ನ ಹೊರಗ ಕಳಸ್ರಿ. ನನ್ನ ಸಲುವಾಗಿ ನಿಮಗ್ಯಾಕ ತ್ರಾಸ" ಎಂದಳು ಫಕೀರವ್ವ.

"ಅಲಗ್ಯಾಡಬ್ಯಾಡ ತಂಗಿ, ಹೊಲಿಗಿ ಬಿಚ್ಚತಾವ" ಎಂದಳು ದುರ್ಗವ್ವ.

ಪೊಲೀಸರು ಬಂದು ಅವನನ್ನು ಹಿಡಿದುಕೊಂಡು ಹೋದರು. ಯಾರಿಗೂ ಏನೂ ಆಗಲಿಲ್ಲ.

ಬಾಗಿಲಿಗೆ ಹೊಸ ಚಿಲಕ ಬಂತು. ಆಸ್ಪತ್ರೆಯಿಂದ ಹೊರಡುವ ದಿನ ಫಕೀರವ್ವ ನನ್ನನ್ನು ಕೇಳಿ ಪಡೆದಳು. ಮೌನೇಶಪ್ಪ ಬಡಿದು ನೆಟ್ಟಗೆ ಮಾಡಿಕೊಟ್ಟ. ಅವಳು ಗಂಡನ ಮನೆಗೆ ಹೋಗಲಿಲ್ಲ. ಮಗ್ಗದ ಶೆಡ್ಡಿನಲ್ಲಿ ಕೆಲಸ ಹಿಡಿದು ಪಕ್ಕದಲ್ಲೇ ಒಂದು ಬಾಡಿಗೆ ಕೋಣೆ ಮಾಡಿ, ಅದರ ಬಾಗಿಲಿಗೆ ನನ್ನನ್ನು ಹಾಕಿಸಿದಳು. ಮೊದಮೊದಲು ಹಾಡಹಗಲಲ್ಲೂ ಮೂರು ಸಲ ನನ್ನನ್ನು ಮುಟ್ಟಿ ನೋಡುತ್ತಿದ್ದಳು.

ಈಗ ನನಗೆ ತುಕ್ಕು ಹಿಡಿದಿದೆ. ಬೇಸಿಗೆಯ ಮಧ್ಯಾಹ್ನ ಅವಳು ಗಾಳಿಗೆಂದು ಬಾಗಿಲು ತೆರೆದಿಟ್ಟು ಮಲಗುತ್ತಾಳೆ. ಚಿಲಕವಾಗಿ ಹುಟ್ಟಿದವನು ಕಾಣುವುದು ಬಹುಪಾಲು ಜನರ ಭಯವನ್ನೇ. ನಾನು ಈ ನಿದ್ದೆಯನ್ನೂ ಕಂಡೆ.