ಮಲಗಿದ ಹುಳಗಳೂ ಮಲಂಗಸಾಬನ ದಫ್ಫೂ

ರಂಜಾನ್ ತಿಂಗಳು ಬಂತೆಂದರೆ ಮಾನ್ವಿಯ ಮಲಂಗಸಾಬ ನಸುಕಿನಲ್ಲಿ ದಫ್ ಬಡಿಯುತ್ತ ಓಣಿ ಓಣಿ ತಿರುಗಿ, ಜನರನ್ನು ಉಪವಾಸಕ್ಕೆ ಮುಂಚಿನ ಸಹರಿ ಊಟಕ್ಕೆ ಎಬ್ಬಿಸುತ್ತಿದ್ದ. ಅವನ ಕಾಲಿನ ಹುಣ್ಣು ಮಾತ್ರೆ ನುಂಗಿದರೆ ಒಣಗುತ್ತಿತ್ತು, ಬಿಟ್ಟರೆ ಮತ್ತೆ ಕೀವು ಕಟ್ಟುತ್ತಿತ್ತು. ದವಾಖಾನೆಯವರು ಕೀವನ್ನು ರಾಯಚೂರಿನ ಪ್ರಯೋಗಾಲಯಕ್ಕೆ ಕಳಿಸಿದರು. ಅಲ್ಲಿ ಸಂಶೋಧನೆ ಮಾಡುತ್ತಿದ್ದ ದುರ್ಗಾ ಅವನನ್ನು ಕರೆಸಿದಳು.

“ಚಾಚಾ, ನಿಮ್ಮ ಕಾಲಾಗಿನ ಕಣ್ಣಿಗೆ ಕಾಣದ ರೋಗದ ಹುಳ ಔಷಧಕ್ಕ ಬಗ್ಗದವಲ್ಲ. ಎಚ್ಚರ ಇದ್ದವು ಸಾಯ್ತಾವ. ಒಂದಿಷ್ಟು ಮಾತ್ರ ಮಲ್ಕೊಂಡು ಬಿಡ್ತಾವ. ಮಲಗಿದವಕ್ಕ ಔಷಧ ತಾಕಂಗಿಲ್ಲ.”

ಮಲಂಗಸಾಬನಿಗೆ ಅವಮಾನವಾಯಿತು. “ಇಡೀ ಮಾನ್ವಿ ಎಬ್ಬಸಾಂವ ನಾನು. ನನ್ನ ಕಾಲಾಗ ಮಲಗೋದಂದ್ರೇನು?”

ಮರುದಿನ ದಫ್ ಹಿಡಿದೇ ಬಂದ. ದುರ್ಗಾ ಔಷಧದಲ್ಲಿ ನೆನೆದೂ ಉಳಿದ ಹುಳಗಳನ್ನು ತೊಳೆದು, ಆಹಾರವಿದ್ದ ಗಾಜಿನ ತಟ್ಟೆಗೆ ಸವರಿ, ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟಿದ್ದಳು. ಅವನು ಪೆಟ್ಟಿಗೆಯ ಮುಂದೆ ನಿಂತು, “ಉಠೋ, ಉಠೋ, ಸಹರಿ ಕಾ ವಖ್ತ್ ಹುವಾ!” ಎಂದು ಓಣಿಯ ಜನರನ್ನು ಎಬ್ಬಿಸುವಂತೆಯೇ ದಫ್ ಬಡಿದು ಕೂಗಿದ. ಬೆಳಿಗ್ಗೆ ತಟ್ಟೆಯ ತುಂಬ ಹುಳಗಳು ಬೆಳೆದ ಬಿಳಿ ಚುಕ್ಕೆ ಎದ್ದಿದ್ದವು. ಮಲಂಗಸಾಬ ಕುಂಟುಗಾಲಲ್ಲೇ ಕುಣಿದ.

ಪ್ರಯೋಗಾಲಯದ ಮುಖ್ಯಸ್ಥ ಆನಂದ ನಗುವವನಲ್ಲ. “ಕೂಗದೇ ಇಟ್ಟ ತಟ್ಟಿ ಎಲ್ಲಿ? ಹೋಲಿಸದೇ ಹೆಂಗ ನಂಬೋದು?” ಎಂದ.

ಮತ್ತೆ ಮಾಡಿದರು. ಒಂದು ತಟ್ಟೆಗೆ ಕೂಗು, ಮಹಡಿಯ ಮೇಲಿನ ಇನ್ನೊಂದಕ್ಕೆ ಮೌನ. ಎರಡರಲ್ಲೂ ಚುಕ್ಕೆಗಳು ಸಮಸಮ.

“ಔಷಧ ಹೋತು, ಊಟ ಸಿಕ್ತು, ತಾವಾಗೇ ಎದ್ವು ಚಾಚಾ,” ಎಂದಳು ದುರ್ಗಾ.

ಅವನು ದಫ್ಫನ್ನು ಮಡಿಲಲ್ಲಿಟ್ಟುಕೊಂಡು ಕೂತ. “ಹಂಗಾರ ಮಾನ್ವಿನೂ ತಾನಾಗೇ ಏಳ್ತಿತ್ತೇನು, ಯವ್ವಾ?”

ದುರ್ಗಾ ಮಲಗಿದ ಹುಳಗಳನ್ನೂ ಕೊಲ್ಲುವ ಔಷಧ ಹುಡುಕಿದಳು. ದವಾಖಾನೆಯವರು ಅದನ್ನೇ ಕೊಟ್ಟರು, ಹುಣ್ಣು ಮಾಯಿತು. ಮಲಂಗಸಾಬನ ಅನುಮಾನ ಮಾಯಲಿಲ್ಲ.

ರಂಜಾನ್ ಬಂದಾಗ ಮಲಂಗಸಾಬ ಹೋಲಿಸಿ ನೋಡಲೆಂದೇ ಒಂದು ಓಣಿಯನ್ನು ಕೂಗದೇ ಬಿಟ್ಟು, ಮೂಲೆಯಲ್ಲಿ ನಿಂತ. ಮನೆಮನೆಗಳಲ್ಲಿ ಮೊಬೈಲು ಕಿರುಚಿದವು, ದೀಪ ಹತ್ತಿದವು. ಅವನು ದಫ್ಫನ್ನು ಕಂಕುಳಲ್ಲಿಟ್ಟುಕೊಂಡು ಮನೆಯತ್ತ ತಿರುಗಿದ. ಅಷ್ಟರಲ್ಲಿ ಆ ಓಣಿಯ ಅಕ್ಬರಿ ಬೇಗಂ ಬಾಗಿಲು ತೆಗೆದು ಚೀರಿದಳು:

“ಎಲ್ಲಿ ಹಾಳಾಗಿ ಹೋದ ಈ ಮಲಂಗ? ನಿದ್ದಿ ಕೆಡಿಸಿದ್ದಕ್ಕ ಅವನ್ನ ಬೈಲಿಲ್ಲಂದ್ರ ನನಗ ತುತ್ತು ಇಳಿಯಂಗಿಲ್ಲ!”

ಎದುರು ಮನೆಯವರೂ ಹೊರಬಂದು ಬೈಯತೊಡಗಿದರು. ಮಲಂಗಸಾಬ ಕಣ್ಣೊರೆಸಿಕೊಂಡು ದಫ್ ಬಡಿದ.

ಹೊತ್ತೇರಿದ ಮೇಲೆ ದುರ್ಗಾಳಿಗೆ ಫೋನ್ ಮಾಡಿದ. “ಯವ್ವಾ, ಓಣಿ ಎದ್ದಿತ್ತು ಖರೆ. ಆದ್ರ ನಾ ದಫ್ ಬಡಿಯೋ ತನಕ ಒಬ್ರೂ ಉಂಡಿರಲಿಲ್ಲ.”

ಪಕ್ಕದಲ್ಲೇ ಕೇಳುತ್ತಿದ್ದ ಆನಂದನಿಗೆ ಅದೂ ಸಾಲಲಿಲ್ಲ. “ಒಂದು ಓಣಿ ನೋಡಿ ಹೇಳಾಕ ಬರಂಗಿಲ್ಲ. ಪಕ್ಕದ ದೇವದುರ್ಗದಾಗೂ ಮಾಡ್ರಿ,” ಎಂದ.

ಮಲಂಗಸಾಬ ಸಂಜೆಯ ಬಸ್ಸಿಗೇ ದೇವದುರ್ಗಕ್ಕೆ ಹೊರಟ.