ಕದಲದ ಗಾಲ್ಗಿ

ಎರಡು ಸಾವಿರದ ಮೂರನೇ ಇಸವಿಯಲ್ಲಿ ಕಾಂಚನಾ ಚಳ್ಳಕೆರೆಯ ಖಾಸಗಿ ಕಾಲೇಜೊಂದಕ್ಕೆ ಪಾಠ ಮಾಡಿ ತೋರಿಸಲು ಬಂದಾಗ ಅವಳ ತಲೆಯ ಮೇಲೆ ತೂಗುತ್ತಿದ್ದುದು ಜೀವಶಾಸ್ತ್ರವಲ್ಲ, ಸೋದರಮಾವ ಓಬಳಪ್ಪ. ಈ ಉಪನ್ಯಾಸಕಿ ಕೆಲಸ ಸಿಗದಿದ್ದರೆ ಅವನ ಜೊತೆ ಮದುವೆ ಎಂದು ಅವ್ವ ತೀರ್ಮಾನ ಮಾಡಿಬಿಟ್ಟಿದ್ದಳು. ಓಬಳಪ್ಪ ಕೆಟ್ಟವನೇನಲ್ಲ. ಕುರಿಗಳ ಜೊತೆ ಬಾಳಿ ಬಾಳಿ ಮನುಷ್ಯರ ಜೊತೆ ಮಾತಾಡುವುದನ್ನು ಬಿಟ್ಟಿದ್ದ, ಅಷ್ಟೇ. ಕಾಂಚನಾಗೆ ನಿಜಕ್ಕೂ ಭಯವಾಗಿತ್ತು.

ಹಿಂದಿನ ಬೆಂಚಿನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಪ್ರಿನ್ಸಿಪಾಲ್ ಮರುಳಪ್ಪ. ಷಡ್ಡಕನ ಮಗನಿಗೆ ಈ ಕೆಲಸ ಕೊಡಿಸುವ ಆಸೆ ಅವರಿಗೆ. ಇನ್ನೊಬ್ಬರು ಆಡಳಿತ ಮಂಡಳಿ ಅಧ್ಯಕ್ಷ ದೊಡ್ಡಪಾಲಯ್ಯ, ಸುತ್ತಲಿನ ಕುರಿಗಾಹಿಗಳ ಹಟ್ಟಿಗಳಿಗೆಲ್ಲ ಯಜಮಾನ. ಓದಿದ್ದು ಮೂರನೇ ಕ್ಲಾಸು, ಕೊನೆಯ ಮಾತು ಮಾತ್ರ ಅವರದೇ.

ಪಾಠ ಗಾಲ್ಗಿ ಸಂಕೀರ್ಣದ್ದು. ಜೀವಕೋಶದೊಳಗೆ ಚಪ್ಪಟೆ ಚೀಲಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿರುತ್ತವೆ, ಆದರೆ ಅದು ಗೋಡೆ ಕಟ್ಟಿದ ಹಾಗೆ ಒಮ್ಮೆ ನಿಲ್ಲಿಸಿ ಮರೆಯುವ ವ್ಯವಹಾರವಲ್ಲ ಎಂದಳು. ಹೀಗೇ ಇರಿ, ಹೀಗೇ ಇರಿ ಎಂದು ಸಂಕೇತ ಪ್ರೋಟೀನುಗಳು ಹೇಳುತ್ತಲೇ ಇರಬೇಕು. ಅವನ್ನು ತಡೆದರೆ ಸಾಲು ಒಡೆದು ಚೂರಾಗುತ್ತದೆ. ಇದನ್ನು ತೋರಿಸಲೆಂದು ಏಳೆಂಟು ಹುಡುಗರನ್ನು ಭುಜಕ್ಕೆ ಭುಜ ಒತ್ತಿ ನಿಲ್ಲಿಸಿದಳು. ಶಿಲ್ಪ ಎಂಬ ಹುಡುಗಿ ಪ್ರೋಟೀನು. ಅವಳು ಚಪ್ಪಾಳೆ ತಟ್ಟುತ್ತಿರುವವರೆಗೆ ಸಾಲು ನಿಲ್ಲಬೇಕು, ನಿಲ್ಲಿಸಿದ ಕೂಡಲೇ ಚೆದುರಬೇಕು.

ಶಿಲ್ಪ ಚಪ್ಪಾಳೆ ನಿಲ್ಲಿಸಿದಳು. ಒಬ್ಬನೂ ಮಿಸುಕಲಿಲ್ಲ.

ಮರುಳಪ್ಪನವರ ಮುಖ ಅರಳಿತು. ವಿಜ್ಞಾನವೇ ಕೈಕೊಟ್ಟಿತಲ್ಲ ಎಂದು ಲೊಚಗುಟ್ಟಿದರು. ಕಾಂಚನಾಳ ಕಣ್ಣ ಮುಂದೆ ಓಬಳಪ್ಪ ಬಾಸಿಂಗ ಕಟ್ಟಿಕೊಂಡು ಬಂದು ನಿಂತ, ಮಾತಿಲ್ಲದೆ. ಆಗ ಹೊಳೆಯಿತು. ಹುಡುಗರೆಲ್ಲ ಹಟ್ಟಿಯವರು, ಯಜಮಾನರು ಕೂತಿರುವಷ್ಟು ಹೊತ್ತು ಎದುರು ನಿಂತವರು ಜಾಗ ಬಿಟ್ಟು ಕದಲುವ ಪದ್ಧತಿ ಹಟ್ಟಿಯಲ್ಲಿಲ್ಲ. ತಾನೂ ಹಟ್ಟಿಯವಳೇ. ಓದಿನ ಅಮಲಿನಲ್ಲಿ ಮರೆತಿದ್ದಳು.

“ಯಜಮಾನ್ರೇ, ಸ್ವಲ್ಪ ಎದ್ದು ಹೊರಗ್ ಹೋಗ್ತೀರಾ?”

ಮರುಳಪ್ಪ ಕಣ್ಣು ಮುಚ್ಚಿಕೊಂಡರು. ಆ ಮಾತನ್ನು ಅಲ್ಲಿಯವರೆಗೆ ಯಾರೂ ದೊಡ್ಡಪಾಲಯ್ಯನವರಿಗೆ ಹೇಳಿದ್ದಿಲ್ಲ. ಅವರು ಕೋಲೂರಿ ಎದ್ದು ಹೋದರು. ಮೆಟ್ಟಿನ ಸದ್ದು ಹೊಸಿಲು ದಾಟಿದ್ದೇ ತಡ, ಗಾಲ್ಗಿ ಚೆಲ್ಲಾಪಿಲ್ಲಿಯಾಯಿತು. ಒಬ್ಬ ಕಿಟಕಿ ಹತ್ತಿದ, ಇಬ್ಬರು ಗುದ್ದಾಡಿದರು, ಇನ್ನೊಬ್ಬ ಮರುಳಪ್ಪನವರ ಪಕ್ಕದಲ್ಲೇ ಕೂತು ಶೇಂಗಾ ಸುಲಿಯತೊಡಗಿದ.

ಜಗಲಿಯಿಂದ ಇಣುಕಿ ನೋಡಿದ ದೊಡ್ಡಪಾಲಯ್ಯನವರಿಗೆ ಮೊದಲು ಹೆಮ್ಮೆಯಾಯಿತು. ಆಮೇಲೆ ಯೋಚನೆ ಹತ್ತಿತು. ಒಳಗೆ ಬಂದರು.

“ಅಲ್ಲಮ್ಮಾ, ಆ ಪ್ರೋಟೀನು ನಾನೇ ಅಂತಾದ್ರೆ, ನಾನು ಸತ್ತ ಮ್ಯಾಲೆ ಇವರ ಗತಿ?”

ನೀವು ನೂರು ವರ್ಷ ಇರ್ತೀರಿ ಎಂದುಬಿಟ್ಟಿದ್ದರೆ ಕೆಲಸ ಅಲ್ಲೇ ಗಟ್ಟಿಯಾಗುತ್ತಿತ್ತು. ಪಾಠ ಮಾಡಲು ಬಂದು ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

“ಯಾವ ಪ್ರೋಟೀನೂ ಬಾಳ ದಿನ ಇರಲ್ಲ ಯಜಮಾನ್ರೇ. ಹಳೇದನ್ನ ಕೋಶನೇ ಒಡೆದು ಹಾಕಿ ಹೊಸದು ಮಾಡ್ಕಂತೈತೆ.”

ಶೇಂಗಾ ಸುಲಿಯುವವನೂ ಕೈ ನಿಲ್ಲಿಸಿದ. ದೊಡ್ಡಪಾಲಯ್ಯ ಮರುಳಪ್ಪನವರ ಕಡೆ ತಿರುಗಿದರು.

“ಈ ಹೊಸ ಪ್ರೋಟೀನು ಸೋಮವಾರದಿಂದ ಬರ್ಲಿ ಕಣಯ್ಯ.”