ಚಾಪೆಯೊಳಗಿನ ಡಿಸ್ಕು

ಸುಬ್ರಾಯ ಆರ್ಕೆಸ್ಟ್ರಾದ ಕೀಬೋರ್ಡನ್ನು ಮಂಚದ ಮೇಲೆ ಮಗುಚಿ ಹಾಕಿ ಅದರ ಹೊಟ್ಟೆಯೊಳಗೆ ಬೆರಳಾಡಿಸುತ್ತಿದ್ದ. ಅಂಗಳದಲ್ಲಿ ಕೆರಿಯಪ್ಪನ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು. ಕೀಬೋರ್ಡಿನ ಅಡಿಯ ತಿರುಪುಗಳನ್ನು ಸತ್ತವನೇ ನಿನ್ನೆ ಸಂಜೆ ಬಿಚ್ಚಿ, ಕಳೆದುಹೋಗದಂತೆ ಸ್ಟೀಲ್ ತಟ್ಟೆಯಲ್ಲಿ ಹಾಕಿಟ್ಟಿದ್ದ. ಡಿಸ್ಕ್ ಇರಬೇಕಾದ ಗೂಡಿನಲ್ಲಿ ಚಪ್ಪಟೆ ವೈರೊಂದು ಬಿಟ್ಟರೆ ಏನೂ ಇರಲಿಲ್ಲ.

"ಹೊಸಾದು ಡಬ್ಬೀಲೇ ಅದೆ. ಹಳೇದೆಲ್ಲಿ ಹೋಯ್ತು?" ಎಂದ.

ವಿನೋದಾ ಮಂಚದ ಕೆಳಗೆ ಬಗ್ಗಿ ನೋಡಿದಳು. ಅಲ್ಲಿಯೂ ಇರಲಿಲ್ಲ.

ಸುಬ್ರಾಯ ಸಿದ್ದಾಪುರದ ಆರ್ಕೆಸ್ಟ್ರಾದ ಮಾಲೀಕ. ಡ್ರಮ್ ಬಾರಿಸುವವನೂ ಅವನೇ. ಯಲ್ಲಾಪುರದ ವಿನೋದಾ ಹಾಡುಗಾರ್ತಿ. ಮೂರನೆಯವನು ಕೆರಿಯಪ್ಪ. ಆರ್ಕೆಸ್ಟ್ರಾ ಎಂದರೆ ಈ ಮೂವರೇ. ಉಳಿದ ಕೊಳಲು, ಪಿಟೀಲು, ತಬಲಾ ಎಲ್ಲವನ್ನೂ ಕೆರಿಯಪ್ಪ ಕೀಬೋರ್ಡಿನಲ್ಲೇ ನುಡಿಸಿ ಆ ಡಿಸ್ಕಿನಲ್ಲಿ ತುಂಬಿದ್ದ. ಇವತ್ತು ಸಂಜೆ ಯಲ್ಲಾಪುರದಲ್ಲಿ ಆರತಕ್ಷತೆಯೊಂದಿತ್ತು. ಹೆಣ ಎದುರಿಗಿರುವಾಗ ಕಾರ್ಯಕ್ರಮದ ಯೋಚನೆ ಮಾಡುವುದು ಚೆನ್ನಲ್ಲವೆಂದು ಸುಬ್ರಾಯನಿಗೂ ಗೊತ್ತಿತ್ತು. ಆದರೆ ಮದುವೆಮನೆಯವರು ಯಾರು ಸತ್ತರೆಂದು ಕೇಳಿಕೊಂಡು ಮುಹೂರ್ತ ಇಡುವುದಿಲ್ಲ.

"ಡಿಸ್ಕ್ ಸಿಕ್ರೆ ಗುಂಡಿ ಒತ್ತೂಕೆ ನಾನೇ ಸಾಕು," ಎಂದ ಸುಬ್ರಾಯ. "ಸಿಗದಿದ್ರೆ ಶಿರಸಿಯ ಕೀಬೋರ್ಡಿನವನನ್ನ ಕರೀಬೇಕು. ಅವನ ಜೊತೆ ಅವನ ಹೆಂಡ್ತೀನೇ ಹಾಡೂದು. ಇವತ್ತೊಂದಿನ ಅಲ್ಲ, ಮುಂದೂ ಹಾಂಗೇ ಆಗ್ತದೆ. ನಿಂಗೆ ಮೊದಲೇ ಹೇಳಿಬಿಡ್ತೆ."

"ಗೊತ್ತಾಯ್ತು," ಎಂದಳು ವಿನೋದಾ.

ಅವಳು ಹಗಲು ರವಿಕೆ ಹೊಲಿಯುತ್ತಿದ್ದಳು. ಅದರಲ್ಲಿ ಮನೆಬಾಡಿಗೆ ಹುಟ್ಟುತ್ತಿತ್ತು. ಊಟ ಹುಟ್ಟುತ್ತಿದ್ದುದು ಹಾಡಿನಲ್ಲಿ.

ಕೆರಿಯಪ್ಪನ ಅಣ್ಣ ಚೌಡ ಬಾಗಿಲಲ್ಲಿ ಇಣುಕಿದ. "ಎಂತ ಮಾರಾಯ, ಅಲ್ಲಿ ಹೆಗಲು ಕೊಡೂಕೆ ಜನ ಸಾಲ್ದು, ನೀ ಇಲ್ಲಿ ಪೆಟ್ಟಿಗೆ ರಿಪೇರಿ ಮಾಡ್ತಾ ಕೂತಿದ್ಯಲ?"

ಸುಬ್ರಾಯ ಎದ್ದ. ಹೋಗುವಾಗ ದನಿ ತಗ್ಗಿಸಿ, "ಕೆರಿಯಪ್ಪನ ಹೆಂಡ್ತಿ ಹತ್ರ ನೀನೇ ಕೇಳು. ಹೆಂಗಸ್ರು ಹೆಂಗಸ್ರು," ಎಂದ.

ವಿನೋದಾ ಆ ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಬಹುದಿತ್ತು, ಸತ್ತವನ ಹೆಂಡತಿ ದುರ್ಗಿಯೊಬ್ಬಳನ್ನು ಬಿಟ್ಟು.

*

ಕೆರಿಯಪ್ಪ ಹಗಲು ಸಿದ್ದಾಪುರದ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಸಂಜೆ ಸೈಕಲ್ಲಿನಲ್ಲಿ ಕೋಲಸಿರ್ಸಿಯ ಮನೆಗೆ ಬಂದು, ಮೈಮೇಲಿನ ತೌಡು ತೊಳೆದುಕೊಂಡು, ಕೀಬೋರ್ಡಿನ ಮುಂದೆ ಕೂರುತ್ತಿದ್ದ. ತೊಂಬತ್ತರ ದಶಕದಲ್ಲಿ ಅವನ ಹತ್ತಿರ ಫ್ಲಾಪಿ ಹಾಕುವ ಸಣ್ಣ ಕೀಬೋರ್ಡಿತ್ತು. ಆಮೇಲೆ ಹುಬ್ಬಳ್ಳಿಯವರೊಬ್ಬರು ಬಳಸಿ ಬಿಟ್ಟಿದ್ದ ಈ ದೊಡ್ಡದು ಬಂತು. ಗೋಡೆಯಾಚೆ ಚೌಡನ ಸಂಸಾರ. ಅವರಿಗೆ ನಿದ್ದೆ ಕೆಡಬಾರದೆಂದು ಕೆರಿಯಪ್ಪ ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ನುಡಿಸುತ್ತಿದ್ದ. ಹೀಗಾಗಿ ಗಂಡನ ಸಂಗೀತವೆಂದರೆ ದುರ್ಗಿಗೆ ಗೊತ್ತಿದ್ದುದು ಕೀಲಿಗಳ ಟಕಟಕ ಸದ್ದು ಮಾತ್ರ. ಕಾರ್ಯಕ್ರಮಗಳೆಲ್ಲ ದೂರದ ಊರಲ್ಲಿ, ರಾತ್ರಿ ಹೊತ್ತು. ಎಮ್ಮೆ ಬಿಟ್ಟು ಅವಳು ಹೋಗುವ ಹಾಗಿರಲಿಲ್ಲ. ಅವನೂ ಬಾ ಎಂದು ಒತ್ತಾಯ ಮಾಡಿದವನಲ್ಲ.

ಕಾರ್ಯಕ್ರಮ ನೋಡಿ ಬಂದವರು ಸುದ್ದಿ ತರುತ್ತಿದ್ದರು. ವಿನೋದಾ ಯಾವ ಬಣ್ಣದ ಸೀರೆ ಉಟ್ಟಿದ್ದಳು, ಹಾಡು ಮುಗಿದಾಗ ಯಾರ ಕಡೆ ತಿರುಗಿ ನಕ್ಕಳು ಎಂಬುದನ್ನೆಲ್ಲ ಹೇಳುತ್ತಿದ್ದರು. ಹಾಡು ಹೇಗಿತ್ತೆಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಹೋದ ತಿಂಗಳು ಹೆಗಡೆಕಟ್ಟಾದ ಮದುವೆಯೊಂದರಲ್ಲಿ ಹಾಡಿನ ನಡುವೆ ಡಿಸ್ಕು ಕರಕರ ಎಂದು ನಿಂತುಬಿಟ್ಟಿತಂತೆ. ಕೆರಿಯಪ್ಪ ಎರಡು ಕೈಯಲ್ಲಿ ಆದಷ್ಟು ನುಡಿಸಿ ಮರ್ಯಾದೆ ಉಳಿಸಿದ್ದ. ಆಮೇಲೆ ಹುಬ್ಬಳ್ಳಿಯಿಂದ ಹೊಸದನ್ನು ತರಿಸಿದ.

ನಿನ್ನೆ ಸಂಜೆ ಚಾಪೆಯ ಮೇಲೆ ಕೂತು ಅವನು ಹಳೆಯದನ್ನು ಹೊರತೆಗೆದಾಗ ದುರ್ಗಿ ಬಾಗಿಲಲ್ಲಿದ್ದಳು. ಇಸ್ಪೀಟು ಕಟ್ಟಿನಷ್ಟು ದೊಡ್ಡದು, ಅಷ್ಟೆ.

"ಅದು ಹಾಳಾಯ್ತಾ?"

"ಹಾಳಾಗಲಿಲ್ಲ, ಮುದಿಯಾಯ್ತು. ನಾಳೆ ಯಲ್ಲಾಪುರಕ್ಕೆ ಹೋಗ್ತಾ ಶಿರಸೀಲಿ ಕಂಪ್ಯೂಟರಿನವರ ಹತ್ರ ಇದ್ರಲ್ಲಿದ್ದಿದ್ದನ್ನ ಹೊಸದಕ್ಕೆ ತುಂಬಿಸ್ಕಂಬೇಕು."

"ಅಷ್ಟು ಜೋಪಾನ ಮಾಡೂಕೆ ಅದ್ರಲ್ಲಿ ಎಂತ ಅದೆ?"

"ವಿನೋದನ ಹಾಡು," ಎಂದ ಅವನು, ತಲೆ ಎತ್ತದೆ.

ದುರ್ಗಿ ಒಳಗೆ ಹೋಗಿ ಅಕ್ಕಿ ತೊಳೆದಳು. ಊಟಕ್ಕೆ ಕರೆಯಲು ಬಂದಾಗ ಅವನು ಗೋಡೆಗೆ ಒರಗಿದ್ದ. ಎದೆನೋವು ಎಂದು ಹೇಳುವಷ್ಟೂ ಪುರುಸೊತ್ತು ಅವನಿಗೆ ಸಿಕ್ಕಿರಲಿಲ್ಲ. ಡಿಸ್ಕು ಅಂಗೈಯಲ್ಲೇ ಇತ್ತು.

*

ಹೆಣ ಅಂಗಳ ದಾಟಿತು. ಹೆಂಗಸರು ಪೊರಕೆ ಹಿಡಿದರು. ಸತ್ತವನು ಕೊನೆಗೆ ಕೂತಿದ್ದ ಚಾಪೆಯನ್ನು ಅವನ ಬಟ್ಟೆಬರೆ ಸಮೇತ ಸುತ್ತಿ, ಹೆಣದ ಹಿಂದೆ ಒಯ್ದು ಅದೇ ಬೆಂಕಿಗೆ ಹಾಕುವುದು ಆ ಮನೆಯ ಪದ್ಧತಿ. ನೆರೆಮನೆಯ ಕನ್ನ ಅದನ್ನು ಹೊರಲೆಂದು ಅಂಗಳದಲ್ಲಿ ಬೀಡಿ ಸೇದುತ್ತ ನಿಂತಿದ್ದ. ಹಗ್ಗ ಬಿಗಿದ ಚಾಪೆ ಗೋಡೆಗೆ ಒರಗಿತ್ತು.

ದುರ್ಗಿ ಜಗುಲಿಯ ಕಂಬದ ಬುಡದಲ್ಲಿ ಕೂತಿದ್ದಳು. ವಿನೋದಾ ಹತ್ತಿರ ಬಂದು ನಿಂತಳು.

"ಅಕ್ಕಾ, ಒಂದು ಮಾತು ಕೇಳ್ಬೇಕಿತ್ತು. ಕೇಳೂ ಹೊತ್ತಲ್ಲ."

"ಹೊತ್ತಲ್ಲ ಅಂತ ಗೊತ್ತಿದ್ದೂ ಕೇಳೂಕೆ ಬಂದಿದ್ದಿ. ಕೇಳು."

"ಕೆರಿಯಣ್ಣ ಕೀಬೋರ್ಡಿಂದ ತೆಗೆದ ಡಿಸ್ಕು..."

"ಚಾಪೆ ಒಳಗೆ ಇಟ್ಟೆ. ಅವ್ರ ಜೊತೀಗೇ ಹೋಗ್ಲಿ."

ವಿನೋದಾ ಕೂತುಬಿಟ್ಟಳು. "ಅದು ಹೋದ್ರೆ ನನ್ನ ಅನ್ನ ಹೋದ ಹಾಂಗೆ, ಅಕ್ಕ."

"ನಿನ್ನ ದನಿ ಬೇರೆ ಕಡೆ ತುಂಬಿಸ್ಕ," ಎಂದಳು ದುರ್ಗಿ. ದನಿ ಏರಿಸಲಿಲ್ಲ. "ಇಷ್ಟು ವರ್ಷ ನಿನ್ನ ದನಿ ಕಿವಿಗೆ ಹಾಕ್ಕಂಡು ಈ ಮೂಲೇಲಿ ಕೂತಿದ್ರು. ಊಟಕ್ಕೆ ಕರೆದ್ರೆ ಕೇಳ್ತಿರಲಿಲ್ಲ. ನಂಗೆ ಹೊಟ್ಟೆ ಉರೀತಿತ್ತು. ಸುಳ್ಳು ಎಂತಕ್ಕೆ ಹೇಳ್ಲಿ?"

ವಿನೋದಾ ಅವಳ ಮುಖವನ್ನೇ ನೋಡಿದಳು. "ಅದ್ರಲ್ಲಿ ನನ್ನ ದನಿ ಇಲ್ಲ ಅಕ್ಕ."

"ವಿನೋದನ ಹಾಡು ಅಂತ ಅವ್ರೇ ಹೇಳಿದ್ರು."

"ನಾ ಹಾಡೂ ಹಾಡು ಅಂತ ಹೇಳಿದ್ದು. ಬಾಜಾಬಜಂತ್ರಿ ಎಲ್ಲ ಅವ್ರದ್ದೇ. ಹಾಡೂ ಜಾಗ ಖಾಲಿ ಬಿಟ್ಟಿರ್ತಿದ್ರು. ನಾ ಮೈಕಿನ ಮುಂದೆ ನಿಂತು ಬಾಯಿ ತೆಗೆದ್ರೇ ಅದು ತುಂಬೂದು."

"ಮತ್ತೆ ದಿನಾ ಕೂತು ಕೇಳ್ತಿದ್ದಿದ್ದು ಎಂತದು?"

"ಅವ್ರು ನುಡಿಸಿದ್ದನ್ನೇ. ಎಲ್ಲಿ ತಪ್ಪಿತು ಅಂತ."

ಗದ್ದೆಯಾಚೆಯಿಂದ ಚೌಡ ಚಾಪೆ ತರಲು ಕೂಗಿದ. ಕನ್ನ ಬೀಡಿ ಬಿಸಾಕಿ ಸುರುಳಿಯನ್ನು ಹೆಗಲಿಗೇರಿಸಿದ.

"ನಿಲ್ಲು ಕನ್ನಾ," ಎಂದು ದುರ್ಗಿ ಎದ್ದಳು.

"ಕಟ್ಟಿದ ಚಾಪೆ ಬಿಚ್ಚೂಕಿಲ್ಲ ಮಾರಾಯ್ತಿ," ಎಂದಳು ಚೌಡನ ಹೆಂಡತಿ, ಪೊರಕೆ ಹಿಡಿದುಕೊಂಡೇ.

"ಕಟ್ಟಿಸಿದವ್ಳು ನಾನೇ ಅಲ್ದಾ?"

ಗಂಟು ಬಿಗಿಯಾಗಿತ್ತು. ದುರ್ಗಿ ಹಲ್ಲಿನಿಂದ ಎಳೆದು ಬಿಚ್ಚಿದಳು. ಅವನ ಗಿರಣಿಯ ಅಂಗಿಯ ಮಡಿಕೆಯಿಂದ ಡಿಸ್ಕನ್ನು ತೆಗೆದು, ಅಂಗಿಯನ್ನು ಮತ್ತೆ ಒಳಗಿಟ್ಟಳು.

"ಇದನ್ನ ಪೆಟ್ಟಿಗೇಲಿ ಹಚ್ಚು, ನೋಡ್ತೆ," ಎಂದಳು. "ನಿನ್ನ ದನಿ ಒಂದು ಸಲ ಬಂದ್ರೂ ಕನ್ನನ ಕೈಲಿ ಕೊಟ್ಟು ಕಳಿಸ್ತೆ."

ಕನ್ನ ಚಾಪೆ ಹಿಡಿದು ಬಾಗಿಲ ಹೊರಗೇ ನಿಂತ.

ವಿನೋದಾ ಒಮ್ಮೆ ಶಿರಸಿಯಲ್ಲಿ ಕೆರಿಯಪ್ಪ ಇದನ್ನೇ ಬಿಚ್ಚಿದಾಗ ಟಾರ್ಚು ಹಿಡಿದಿದ್ದಳು. ವೈರಿನ ತುದಿ ಒಂದೇ ಬದಿಯಿಂದ ಕೂರುತ್ತದೆ, ಒತ್ತಾಯ ಮಾಡಬಾರದು ಎಂದು ಅವನು ಆಗ ಹೇಳಿದ್ದ. ಅವಳು ಬದಿ ನೋಡಿ ಮೆಲ್ಲನೆ ಒತ್ತಿದಳು. ಎರಡನೆಯ ಸಲಕ್ಕೆ ಕೂತಿತು. ತಿರುಪು ಹಾಕುವ ತಾಳ್ಮೆ ಯಾರಿಗೂ ಇರಲಿಲ್ಲ. ಕೀಬೋರ್ಡನ್ನು ಜೋಪಾನವಾಗಿ ಹೊರಳಿಸಿ ಪ್ಲಗ್ಗು ಚುಚ್ಚಿದಳು. ಪರದೆ ನೀಲಿಯಾಯಿತು. ಡಿಸ್ಕು ಕರಕರ ಎಂದಿತು, ಸುಮ್ಮನಾಯಿತು, ಮತ್ತೆ ಕರಕರ ಎಂದಿತು. ವಿನೋದಾ ಗುಂಡಿ ಒತ್ತಿದಳು.

ಹಾಡು ಶುರುವಾಯಿತು. ಹೆಡ್‌ಫೋನ್ ಎಳೆದು ತೆಗೆದದ್ದರಿಂದ ಅದು ಕೀಬೋರ್ಡಿನ ಎರಡೂ ಬದಿಯ ಸ್ಪೀಕರಿನಿಂದಲೇ ಬಂತು. ಮೊದಲು ಕೊಳಲು, ಆಮೇಲೆ ಪಿಟೀಲು, ಹಿಂದಿನಿಂದ ತಬಲಾ. ಪಲ್ಲವಿ ಬರುವ ಕಡೆ ಎಲ್ಲವೂ ತಗ್ಗಿ, ಯಾರಿಗೋ ದಾರಿ ಬಿಟ್ಟುಕೊಟ್ಟವು. ಯಾರೂ ಬರಲಿಲ್ಲ. ವಿನೋದಾ ತುಟಿ ಕಚ್ಚಿಕೊಂಡಿದ್ದಳು.

"ಈ ಕೊಳಲು?" ಎಂದು ಕೇಳಿದಳು ದುರ್ಗಿ.

"ಕೆರಿಯಣ್ಣನೇ."

"ತಬಲಾ?"

"ಅದೂ ಅವ್ರೇ."

"ಸೂತಕದ ಮನೇಲಿ ಇದೆಂತದು?" ಎಂದಳು ಚೌಡನ ಹೆಂಡತಿ. ದುರ್ಗಿ ಚರಣವನ್ನೂ, ಅದರಲ್ಲಿನ ಖಾಲಿ ಜಾಗವನ್ನೂ ಪೂರ್ತಿ ಕೇಳಿದಳು. ಚೌಡ ಇನ್ನೊಮ್ಮೆ ಕೂಗಿದ. ಹಾಡು ಮುಗಿಯಿತು.

"ಕನ್ನಾ, ನೀ ಹೊರಡು. ಅಲ್ಲಿ ಕಾಯ್ತಿದ್ದಾರೆ," ಎಂದಳು ದುರ್ಗಿ. ಆಮೇಲೆ ವಿನೋದಾಳ ಕಡೆ ತಿರುಗಿದಳು. "ಯಲ್ಲಾಪುರಕ್ಕೆ ಹೊತ್ತಾಗಲಿಲ್ಲ ಅಲ್ದಾ? ಇನ್ನೊಂದು ಹಾಡು ಹಚ್ಚು."

ಕನ್ನ ಚಾಪೆ ಹೊತ್ತು ಗದ್ದೆಯ ಬದು ಹಿಡಿದ. ಮದುವೆಮನೆಯ ಹಾಡೊಂದು, ಹಾಡುವವರಿಲ್ಲದೆ, ಸುಡುಗಾಡಿನ ತಿರುವಿನವರೆಗೂ ಅವನ ಹಿಂದೆ ಹೋಯಿತು.